ಮುಪ್ಪೂ ಮೈಯೊಳಗಿನ ರಸಗಳೂ



ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು ಮುಂದೆ ಗೋಕಾಕ, ಮೂಡಲಗಿ ಸೀಮೆಗಳ ಹೊಲಗಳಿಗೆ ಒದಗುತ್ತದೆ. ಕಬ್ಬಿಗೆ ಹಾಯಿಸುವಷ್ಟು ನೀರನ್ನು ಜೋಳಕ್ಕೂ ಹಾಯಿಸುವ ಒಕ್ಕಲಿಗನುಂಟೆ? ಮನುಷ್ಯದೇಹದಲ್ಲಿಯೂ ಇಂತಹುದೇ ಏರ್ಪಾಡುಂಟು. ಕೆಲವು ಗ್ರಂಥಿಗಳು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. 1905ರಲ್ಲಿ ಆಂಗ್ಲ ವಿಜ್ಞಾನಿ ಸ್ಟಾರ್ಲಿಂಗರು ಇಂತಹ ರಸಗಳನ್ನು ಹಾರ್ಮೋನುಗಳೆಂದು ಕರೆದರು.

ಗಂಟಲಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ರಸವು ಕಡಿಮೆಯಾದರೆ ಆಯಾಸ, ಮಲಬದ್ಧತೆ, ಮರೆವು, ಚರ್ಮದ ಒಣಗುವಿಕೆ, ಚಳಿಯನ್ನು ತಾಳದಿರುವಿಕೆ ತಲೆದೋರುತ್ತವೆ. ಇವೆಲ್ಲ ಮುಪ್ಪಿನ ಲಕ್ಷಣಗಳಂತೆಯೇ ಕಾಣುವುದರಿಂದ "ವಯಸ್ಸಾಯಿತು, ಇನ್ನೇನು" ಎಂದು ಮನೆಯವರು ಸುಮ್ಮನಾಗುವರು. ಮದ್ದಿಗೆ ಬಗ್ಗುವ ಬೇನೆಯನ್ನು ಹಣೆಬರಹವೆಂದು ತಾಯಿಯೊಬ್ಬಳು ವರ್ಷಗಟ್ಟಲೆ ಹೊರುವುದು ತರವೇ? ರಕ್ತಪರೀಕ್ಷೆಯಿಂದ ಅದನ್ನು ಅರಿಯಬಹುದು.

ಆದರೆ ಪರೀಕ್ಷೆಯ ಅಂಕೆಯೊಂದೇ ಪ್ರಮಾಣವಲ್ಲ. ಥೈರಾಯ್ಡನ್ನು ಪ್ರಚೋದಿಸುವ ರಸದ ಪ್ರಮಾಣವು ವಯಸ್ಸಿನೊಡನೆ ಕೊಂಚ ಏರುವುದು ಸಹಜ. ಆ ಅಂಕೆ ಸ್ವಲ್ಪವೇ ಏರಿದ್ದ 737 ಮಂದಿ ವೃದ್ಧರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಥೈರಾಯ್ಡ್ ಗುಳಿಗೆಯಿಂದ ಅವರ ಆಯಾಸವು ತಗ್ಗಲಿಲ್ಲ. ಔಷಧವು ಮಿತಿಮೀರಿದರೆ ಹೃದಯದ ಬಡಿತ ತಪ್ಪುತ್ತದೆ, ಎಲುಬು ಸವೆಯುತ್ತದೆ. ಆದ್ದರಿಂದಲೇ ವೈದ್ಯರು ವೃದ್ಧರಿಗೆ ಅಲ್ಪಪ್ರಮಾಣದಿಂದ ತೊಡಗಿ, ಆರೆಂಟು ವಾರಗಳಿಗೊಮ್ಮೆ ರಕ್ತವನ್ನು ಪರೀಕ್ಷಿಸಿ, ಅವರವರಿಗೆ ತಕ್ಕ ಅಳತೆಯನ್ನು ಗೊತ್ತುಮಾಡುವರು. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು; ಕಬ್ಬಿಣದ ಹಾಗೂ ಸುಣ್ಣಾಂಶದ ಗುಳಿಗೆಗಳಿಗೆ ನಾಲ್ಕು ಗಂಟೆಗಳ ಅಂತರವಿರಬೇಕು.

ಯೌವನವನ್ನೇ ಮರಳಿ ತರುವೆವೆಂಬ ಮಾತು ಹೊಸದಲ್ಲ. 1889ರಲ್ಲಿ ಪ್ಯಾರಿಸಿನ ವೈದ್ಯ ಬ್ರೌನ್-ಸೆಕಾರರು ತಮ್ಮ 72ನೆಯ ವಯಸ್ಸಿನಲ್ಲಿ ಪ್ರಾಣಿಗಳ ವೃಷಣರಸವನ್ನು ತಮಗೇ ಚುಚ್ಚಿಕೊಂಡು, ಶಕ್ತಿ ಮರಳಿತೆಂದು ಸಾರಿದರು. ಆ ನಂಬಿಕೆ ನಿಲ್ಲಲಿಲ್ಲ. ಮುಟ್ಟು ನಿಂತ ಸ್ತ್ರೀಯರಿಗೆ ಎರಡು ಹಾರ್ಮೋನುಗಳನ್ನು ಕೂಡಿಸಿ ಕೊಡುತ್ತಿದ್ದ ಅಮೇರಿಕದ ದೊಡ್ಡ ಪ್ರಯೋಗವೊಂದನ್ನು, ಸ್ತನದ ಅರ್ಬುದವೂ ಹೃದ್ರೋಗವೂ ಹೆಚ್ಚಿದ್ದರಿಂದ, 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹಾಗೆಂದು ಆ ಚಿಕಿತ್ಸೆಯೇ ತ್ಯಾಜ್ಯವಲ್ಲ. ಮುಟ್ಟು ನಿಲ್ಲುವ ಕಾಲದ ತೀವ್ರ ಉರಿಬೆವರಿಗೆ, ವಯಸ್ಸನ್ನೂ ದೇಹಸ್ಥಿತಿಯನ್ನೂ ತೂಗಿನೋಡಿ, ವೈದ್ಯರು ಅದನ್ನು ಇಂದಿಗೂ ಕೊಡುವರು.

ಆದುದರಿಂದ ನೆರೆಮನೆಯವರ ಗುಳಿಗೆಯನ್ನು ತಂದು ನುಂಗಬಾರದು. ಯೌವನವನ್ನು ಮಾರುವವರ ಮಾತಿಗೆ ಮರುಳಾಗಬಾರದು. ಮನೆಯ ಹಿರಿಯರು ಸೊರಗಿದರೆ ಮುಪ್ಪೆಂದು ಕೈಬಿಡದೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಪ್ಪತ್ತರ ದೇಹಕ್ಕೆ ಇಪ್ಪತ್ತರ ಅಳತೆ ಸಲ್ಲದು. ಎಪ್ಪತ್ತಕ್ಕೆ ಸಲ್ಲುವ ಸೌಖ್ಯವು ಮಾತ್ರ ಅದಕ್ಕೆ ದೊರೆಯಲೇಬೇಕು.