ಮನೆವಾರ್ತೆಗೂ ನಿವೃತ್ತಿಯುಂಟು



ನಿನ್ನೆ ಪ್ರಸಾದದ ಹೊತ್ತಿನಲ್ಲಿ ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು ನಮ್ಮ ಬಳಿಗೆ ಬಂದು ಒಂದು ಮಾತು ಕೇಳಿದರು. “ಅಜ್ಜಾರ, ನಮ್ಮ ಮನಿಯವರು ಸಾಲಿ ಮಾಸ್ತರಿಕಿ ಮುಗಿಸಿ ಹನ್ನೆರಡು ವರ್ಷ ಆತು. ಮುಂಜಾನೆ ಪೇಪರ್ ಓದತಾರ, ಸಂಜಿಕೆ ಕೆರಿ ದಂಡಿಗೆ ತಿರುಗಾಡಾಕ ಹೋಗತಾರ. ನನಗ ರಿಟಾಯರ್ ಆಗೂದು ಯಾವಾಗ್ರಿ?” ಸುತ್ತ ಕುಳಿತವರು ನಕ್ಕರು. ಆ ತಾಯಿಯೂ ನಕ್ಕರು. ಆದರೆ ಇದು ನಕ್ಕು ಬಿಟ್ಟುಬಿಡುವ ಪ್ರಶ್ನೆಯಲ್ಲ. ಇಂದಿನ ಪ್ರವಚನಕ್ಕೆ ಅದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ.

ಸರಕಾರಿ ನೌಕರನಿಗೆ ನಿವೃತ್ತಿಯ ದಿನ ಗೊತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ಮೊದಲು 58 ವರ್ಷವಿತ್ತು, 2008ರಲ್ಲಿ 60 ಮಾಡಿದರು. ಆ ದಿನ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ನಾಲ್ಕು ಒಳ್ಳೆಯ ಮಾತಾಡುತ್ತಾರೆ. ಹೊಲದ ಒಕ್ಕಲಿಗನಿಗೂ ಒಂದು ದಿನ ಬರುತ್ತದೆ. ಕೈ ಸೋತಾಗ ಅವನು ಮೇಳಿಯನ್ನು ಮಗನ ಕೈಗೆ ಕೊಟ್ಟು ಬದುವಿನ ಮೇಲೆ ಕೂಡುತ್ತಾನೆ. ಅವರಿಬ್ಬರಿಗೂ ಮೂವತ್ತು ನಲವತ್ತು ವರ್ಷ ರೊಟ್ಟಿ ಬಡಿದು ಹಾಕಿದವಳಿಗೆ ಮಾತ್ರ ಅಂಥ ದಿನವೇ ಇಲ್ಲ. ಗಂಡ ನಿವೃತ್ತನಾದ ಮೇಲೆ ಅವಳ ಕೆಲಸ ಇನ್ನಷ್ಟು ಬೆಳೆಯುತ್ತದೆ. ಮೊದಲು ಹತ್ತು ಗಂಟೆಗೆ ಕಚೇರಿಗೆ ಹೋಗುತ್ತಿದ್ದವನು ಈಗ ಮನೆಯಲ್ಲೇ ಇರುತ್ತಾನೆ. ಹನ್ನೊಂದು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ ಚಹಾ ಆಗಬೇಕು. ಕೇಂದ್ರ ಸರಕಾರದವರು 2024ರಲ್ಲಿ ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಒಂದು ಸಮೀಕ್ಷೆ ನಡೆಸಿದರು. ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 88 ನಿಮಿಷ ಕೊಡುತ್ತಾರೆ ಎಂದು ಅದರಲ್ಲಿ ಕಂಡುಬಂತು. ಸರಾಸರಿಯೆಂದರೆ ನಿಮಗೆ ಗೊತ್ತೇ ಇದೆ. ಕೆಲವು ಮನೆಗಳಲ್ಲಿ ಗಂಡಸರ ಆ 88 ನಿಮಿಷ ವರ್ಷದ ಲೆಕ್ಕವಾದರೂ ಆಶ್ಚರ್ಯವಿಲ್ಲ.

ಇಲ್ಲಿ ಯಾರಾದರೂ ಎದ್ದು ನಿಂತು, “ಬುದ್ಧಿ, ಕಾಯಕ ಬಿಡಬಾರದೆಂದು ನೀವೇ ಹೇಳುತ್ತೀರಿ, ಈಗ ಕೆಲಸ ಬಿಡಿ ಎನ್ನುತ್ತೀರಲ್ಲ” ಎಂದು ಕೇಳಬಹುದು. ಕೇಳಲಿ. ಶರಣರು ಕಾಯಕವೆಂದದ್ದು ಮನಸ್ಸೊಪ್ಪಿ ಮಾಡುವ ಸತ್ಯಶುದ್ಧ ದುಡಿಮೆಗೆ. ಮೈ ಮುರಿಯುವವರೆಗೆ ದುಡಿಯಬೇಕೆಂದು ಅವರು ಎಲ್ಲಿಯೂ ಹೇಳಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೊಂದು ನಮಗೇಕೆ, ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದ ತಾಯಿ ಆಕೆ. ಆ ಕಥೆಯನ್ನು ನಾವು ಯಾವಾಗಲೂ ಧನದಾಸೆಗೆ ಹಚ್ಚಿ ಹೇಳುತ್ತೇವೆ. ದುಡಿಮೆಗೂ ಯಾಕೆ ಹಚ್ಚಬಾರದು? ಅಕ್ಕಿಗೆ ಸಾಕೆಂಬ ಅಳತೆಯಿದ್ದರೆ ಅಕ್ಕಿ ಆಯುವ ಕೈಗೂ ಸಾಕೆಂಬ ಅಳತೆ ಇರಲೇಬೇಕು. ಇನ್ನೊಂದು ಮಾತು. ಮಣಿಕಟ್ಟು ಬಾತು, ಬೆರಳು ಮಡಚಲಾರದೆ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಐದು ನಿಮಿಷ ಅಲುಗಾಡದೆ ಕೂಡಲಾಗದ ತಾಯಂದಿರನ್ನು ನಾವು ಕಂಡಿದ್ದೇವೆ. ಆ ಕೈಯಿಂದ ನಿತ್ಯ ಎರಡು ಕೊಡ ನೀರು ಎತ್ತಿಸುವ ಮನೆಯವರು ಕಾಯಕದ ಮಾತನ್ನು ಆಡದಿದ್ದರೆ ಒಳ್ಳೆಯದು.

ಹಾಗಾದರೆ ಏನನ್ನು ಬಿಡಬೇಕು? ಎಲ್ಲವನ್ನೂ ಬಿಟ್ಟು ಕಂಬಕ್ಕೊರಗಿ ಕೂಡಿರೆಂದು ನಾವು ಹೇಳುತ್ತಿಲ್ಲ. ವಯಸ್ಸಾದವರೂ ವಾರಕ್ಕೆ 150 ನಿಮಿಷವಾದರೂ ನಡಿಗೆಯಂಥ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳಿದ್ದಾರೆ. ಸೊಪ್ಪು ಸೋಸಿರಿ, ಹೂ ಕಟ್ಟಿರಿ, ಮೊಮ್ಮಗುವಿಗೆ ಉಣಿಸಿರಿ. ಬಿಡಬೇಕಾದದ್ದು ಭಾರದ ಕೆಲಸ. ನೀರು ತುಂಬಿದ ತಾಮ್ರದ ಹಂಡೆ, ಗೋದಿಯ ಚೀಲ, ನೆನೆದ ಕೌದಿ ಇವನ್ನು ಎತ್ತುವುದು. ನೆನೆದ ಕೌದಿ ಎಷ್ಟು ತೂಕವೆಂಬುದು ಒಗೆದವರಿಗೇ ಗೊತ್ತು! ಮತ್ತೆ ಅಟ್ಟ ಹತ್ತಿ ಇಳಿಯುವುದು, ದಸರೆ ದೀಪಾವಳಿ ಬಂತೆಂದರೆ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹಾಕಿ ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಬೇಸಿಗೆಯ ಬಿಸಿಲಿನಲ್ಲಿ ಊರಿನಲ್ಲಿರುವ ಮಗಳಿಗೊಂದು ಡಬ್ಬಿ, ಬೆಂಗಳೂರಿನ ಮಗನಿಗೊಂದು ಡಬ್ಬಿ ಎಂದು ಹಪ್ಪಳ ಸಂಡಿಗೆ ಹಾಕುವುದು. ಇಂದು ಕಡಕ್ ರೊಟ್ಟಿಯೂ ಶೇಂಗಾ ಚಟ್ನಿಯೂ ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ಮಾಡಿ ಮಾರುವವರೂ ಹೆಣ್ಣುಮಕ್ಕಳೇ, ಅವರ ಹೊಟ್ಟೆಯೂ ತುಂಬಲಿ.

ಈ ಭಾರವನ್ನು ತಾನು ಇಳಿಸಿ ಸೊಸೆಯ ತಲೆಯ ಮೇಲಿಟ್ಟರೆ ಅದು ಬಿಟ್ಟಂತಾಗಲಿಲ್ಲ. ಅವಳೂ ಹೊರಗೆ ದುಡಿದು ಬರುವವಳು. ಕೆಲವು ಕೆಲಸ ಯಂತ್ರಕ್ಕೆ ಹೋಗಲಿ, ಕೆಲವು ಗಂಡಸರಿಗೆ ಹೋಗಲಿ, ಕೆಲವು ಆಗದೆಯೇ ಇರಲಿ. ಹಿತ್ತಾಳೆ ಕಪ್ಪಾದರೆ ಯಾರ ಮನೆಯೂ ಮುಳುಗಿಲ್ಲ. ಇದಕ್ಕಿಂತ ಕಠಿಣವಾದದ್ದು ಒಂದಿದೆ, ಅದನ್ನು ಹೇಳಿದರೆ ನಿಮಗೆ ಬೇಸರವಾದೀತು. ಕೆಲಸ ಬಿಟ್ಟ ಮೇಲೆ ಕೆಲಸದ ಮೇಲಿನ ಯಜಮಾನಿಕೆಯನ್ನೂ ಬಿಡಬೇಕು. ರೊಟ್ಟಿ ದಪ್ಪಾಯಿತು, ಒಗ್ಗರಣೆ ಕರಿದಾಯಿತು ಎಂದು ಪಡಸಾಲೆಯಲ್ಲಿ ಕುಳಿತು ನೂರು ಸಲ ಕೂಗುವ ಅತ್ತೆಗೆ ವಿಶ್ರಾಂತಿಯೂ ಇಲ್ಲ, ಸೊಸೆಗೆ ನೆಮ್ಮದಿಯೂ ಇಲ್ಲ. ಉಗ್ರಾಣದ ಬೀಗದ ಕೈ ಸೆರಗಿನಿಂದ ಬಿಚ್ಚಿ ಕೊಡುವುದು ಹಂಡೆ ಇಳಿಸುವುದಕ್ಕಿಂತ ಭಾರ. ಕೆಲಸವಿಲ್ಲದಿದ್ದರೆ ಈ ಮನೆಯಲ್ಲಿ ನನಗೆ ಬೆಲೆಯೇನು ಎಂಬ ಅಂಜಿಕೆ ಒಳಗೆ ಕುಳಿತಿರುತ್ತದೆ. ಅನೇಕ ತಾಯಂದಿರು ಮೊಣಕಾಲು ನೋವನ್ನು ನುಂಗಿಕೊಂಡು ದುಡಿಯುವುದು ಈ ಅಂಜಿಕೆಯಿಂದಲೇ ಹೊರತು ಕೆಲಸದ ಮೇಲಿನ ಪ್ರೀತಿಯಿಂದಲ್ಲ. ಮನೆಯ ಮಕ್ಕಳು ಇದನ್ನು ತಿಳಿದುಕೊಳ್ಳಬೇಕು. ನೀನು ದುಡಿದದ್ದು ಸಾಕವ್ವಾ, ನೀನು ಇದ್ದರೆ ಸಾಕು ಎಂದು ಮಗ ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದಾನೆಯೇ?

ಸರಿ, ಭಾರ ಇಳಿಸಿದ್ದಾಯಿತು. ಉಳಿದ ಹೊತ್ತಿಗೆ ಏನು ಮಾಡುವುದು? ಹವ್ಯಾಸವೆಂದರೆ ಪಟ್ಟಣದವರ, ಓದಿದವರ ಸೊತ್ತೆಂದು ತಿಳಿಯಬೇಡಿ. ನಿಮ್ಮ ಹವ್ಯಾಸ ನಿಮ್ಮ ಕೆಲಸದೊಳಗೇ ಅಡಗಿ ಕುಳಿತಿತ್ತು. ಬೀಸುಕಲ್ಲಿನ ಮುಂದೆ ಕುಳಿತ ನಿಮ್ಮ ತಾಯಿ, ಅಜ್ಜಿ ಬೆಳಗಿನ ಜಾವ ಏನು ಮಾಡುತ್ತಿದ್ದರು? ಕೈ ಬೀಸುತ್ತಿತ್ತು, ಬಾಯಿ ಹಾಡುತ್ತಿತ್ತು. ತವರು, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಶಿವ, ಎಲ್ಲವೂ ಆ ಹಾಡಿನಲ್ಲಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮೊದಲಾದವರು, ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕ ಹೊರತಂದರು. ದೊಡ್ಡ ದೊಡ್ಡ ವಿದ್ವಾಂಸರು ಅದನ್ನು ತಲೆಯ ಮೇಲಿಟ್ಟುಕೊಂಡರು. ಮುಂದೆ ಊರಿಗೆ ಗಿರಣಿ ಬಂತು, ಕಲ್ಲು ಮೂಲೆಗೆ ಸೇರಿತು. ಅದು ಒಳ್ಳೆಯದೇ ಆಯಿತು, ರಟ್ಟೆ ಬದುಕಿಕೊಂಡಿತು. ಆದರೆ ಕಲ್ಲಿನ ಜೊತೆ ಹಾಡನ್ನೂ ಮೂಲೆಗೆ ಸೇರಿಸಿದೆವಲ್ಲ! ಹಾಡು ಕಲ್ಲಿನದಲ್ಲ ತಾಯಿ, ನಿಮ್ಮದು. ಈಗ ಕೈಗೆ ಬಿಡುವಿದೆ, ಮೊಮ್ಮಕ್ಕಳ ಕೈಯಲ್ಲಿ ಫೋನಿದೆ. ನೀವು ಹಾಡಿರಿ, ಅವರು ತುಂಬಿಸಿಕೊಳ್ಳಲಿ. ಕೌದಿಯೂ ಹಾಗೆಯೇ. ಒಗೆಯುವುದು ಭಾರದ ಕೆಲಸ. ಹಳೆಯ ಸೀರೆಯ ಚೂರುಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ಹೊಲಿಯುವುದು ಹವ್ಯಾಸ.

ನಮ್ಮ ಸೀಮೆಯಲ್ಲಷ್ಟೇ ಹೀಗಲ್ಲ. ಅಮೆರಿಕಾ ದೇಶದಲ್ಲಿ 1860ರಲ್ಲಿ ಹುಟ್ಟಿದ ಅನ್ನಾ ಮೇರಿ ಮೋಸೆಸ್ ಎಂಬ ಒಕ್ಕಲಗಿತ್ತಿ ಇದ್ದಳು. ಹನ್ನೆರಡನೆಯ ವಯಸ್ಸಿಗೆ ಪರರ ಮನೆಯ ಚಾಕರಿಗೆ ನಿಂತವಳು. ಹತ್ತು ಮಕ್ಕಳನ್ನು ಹೆತ್ತಳು, ಐದು ಉಳಿದವು. ಬೆಣ್ಣೆ ಕಡೆದು ಮಾರಿ ಸಂಸಾರಕ್ಕೆ ನೆರವಾದಳು. ವಯಸ್ಸಾದ ಮೇಲೆ ನೂಲಿನಿಂದ ಬಟ್ಟೆಯ ಮೇಲೆ ಚಿತ್ರ ಕಸೂತಿ ಹಾಕತೊಡಗಿದಳು. ಕೀಲುನೋವು ಬಂದು ಸೂಜಿ ಹಿಡಿಯುವುದೂ ಕಷ್ಟವಾದಾಗ, ಎಪ್ಪತ್ತು ದಾಟಿದ ಆ ಅಜ್ಜಿ ಕುಂಚ ಹಿಡಿದು ತನ್ನ ಹೊಲ, ಹಿಮ, ಸುಗ್ಗಿ, ಹಬ್ಬಗಳನ್ನೇ ಬರೆದಳು. 1938ರಲ್ಲಿ ಒಂದು ಔಷಧದ ಅಂಗಡಿಯ ಕಿಟಕಿಯಲ್ಲಿ ಅವು ಒಬ್ಬ ರಸಿಕನ ಕಣ್ಣಿಗೆ ಬಿದ್ದವು, ಆಮೇಲೆ ಲೋಕವೆಲ್ಲ ಆಕೆಯನ್ನು ಮೋಸೆಸ್ ಅಜ್ಜಿ ಎಂದು ಕರೆಯಿತು. 101 ವರ್ಷ ಬದುಕಿ 1961ರಲ್ಲಿ ತೀರಿಕೊಂಡಳು. ಹೆಸರು ಬರಬೇಕೆಂದು ನಾವು ಇದನ್ನು ಹೇಳುತ್ತಿಲ್ಲ. ಆ ಅಂಗಡಿಯವನು ಕಿಟಕಿಯಲ್ಲಿ ಇಡದೆ ಹೋಗಿದ್ದರೂ ಅಜ್ಜಿ ಬರೆಯುತ್ತಲೇ ಇರುತ್ತಿದ್ದಳು.

ಗಂಡಸರಿಗೆ ಹೇಳುವುದು ಸ್ವಲ್ಪ. ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಪತ್ರಿಕೆಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದ್ದು 1991ರಲ್ಲಿ, ಅದೂ ಎಂಬತ್ತರ ಹತ್ತಿರ. 107 ವರ್ಷ ಬಾಳಿದರು. ಹಾಗೆ ಮನಸ್ಸು ಹಚ್ಚುವ ಕೆಲಸ ನಿಮಗೂ ಇರಲಿ. ಆದರೆ ನಿಮ್ಮ ಹವ್ಯಾಸಕ್ಕೆ ಹೆಂಡತಿಯ ದುಡಿಮೆ ಬಂಡವಾಳವಾಗಬಾರದು. ನೀವು ಹಿತ್ತಲಲ್ಲಿ ಗುಲಾಬಿ ಬೆಳೆಸುವಿರಂತೆ, ನೀರು ಹೊತ್ತು ಹಾಕುವವರು ಅವರಂತೆ! ಚಹಾ ಕಾಸುವುದು, ತಾಟು ತೊಳೆಯುವುದು, ಹಾಸಿಗೆ ಮಡಚುವುದು, ಇವನ್ನು ಕಲಿಯಲು ಅರವತ್ತೆಂಬುದು ತಕ್ಕ ವಯಸ್ಸು. 2023ರ ಜೂನ್ ತಿಂಗಳಲ್ಲಿ ಸರಕಾರ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತ ಮಾಡಿತು. ಆಗ ಎಷ್ಟೋ ತಾಯಂದಿರು ಕೂಡಲಸಂಗಮವನ್ನೂ ಉಳವಿಯನ್ನೂ ಮೊದಲ ಸಲ ಕಂಡುಬಂದರು. ಟಿಕೇಟು ಪುಕ್ಕಟೆಯಾಯಿತು, ಮನೆಯವರ ಅಪ್ಪಣೆ ಮಾತ್ರ ಕೆಲವೆಡೆ ಇನ್ನೂ ತುಟ್ಟಿಯಾಗಿಯೇ ಇದೆ.

ಇನ್ನು ನಮ್ಮ ಮಠದ ಮಾತು. ದಾಸೋಹದ ಮನೆಯಲ್ಲಿ ಸೇವೆಗೆ ನಿಲ್ಲುವ ತಾಯಂದಿರಲ್ಲಿ ಅನೇಕರು ಅರವತ್ತೈದು ದಾಟಿದವರು. ಹುಗ್ಗಿಯ ಹಂಡೆಗೆ ಕೋಲು ಹಾಕಿ ಎತ್ತಲು ಅವರೇ ಮುಂದೆ ಬರುತ್ತಾರೆ, ಬೇಡವೆಂದರೆ ಸೇವೆ ತಪ್ಪಿತೆಂದು ನೊಂದುಕೊಳ್ಳುತ್ತಾರೆ. ನಾಳೆಯಿಂದ ಹಂಡೆ ಎತ್ತುವುದು, ನೀರು ತುಂಬುವುದು, ಪಾತ್ರೆ ತಿಕ್ಕುವುದು ತರುಣರ ಪಾಲಿಗೆ, ಈ ವರ್ಷ ನಿವೃತ್ತರಾದ ಗಂಡಸರ ಪಾಲಿಗೆ. ಹಿರಿಯ ತಾಯಂದಿರಿಗೆ ಪೂರ್ವದ ಪಡಸಾಲೆಯಲ್ಲಿ ಜಮಖಾನೆ ಹಾಸಿಸಿದ್ದೇವೆ. ಬೀಸುವ ಹಾಡು ಬಲ್ಲವರು ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿ ಬಂದು ಕುಳಿತುಕೊಳ್ಳಿರಿ. ಬರೆದುಕೊಳ್ಳಲು ಪಾಠಶಾಲೆಯ ಇಬ್ಬರು ಹುಡುಗಿಯರಿಗೆ ಹೇಳಿದ್ದೇವೆ. ನಿನ್ನೆ ಪ್ರಶ್ನೆ ಕೇಳಿದ ತಾಯಿಯ ಮನೆಯವರಿಗೂ ಒಂದು ಮಾತು. ಮಾಸ್ತರರೇ, ನಾಳೆ ಕೆರೆಯ ದಂಡೆಗೆ ಹೋಗುವ ಮೊದಲು ದಾಸೋಹದ ಮನೆಯ ಕಡೆ ಬಂದು ಹೋಗಿರಿ.