ಕಾವುಕೋಳಿಯಡಿ ಬಾತಿನ ಮೊಟ್ಟೆ

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಆಡಿದ ಮಾತು)



ಸಾಲ, ಗೊಬ್ಬರದ ವಿಷಯ ಹಿರಿಯರು ಹೇಳಿದ್ದಾರೆ. ನಾನು ಒಂದು ಸಣ್ಣ ಉಪಕಸುಬಿನ ಬಗ್ಗೆ, ಅದರಲ್ಲಿ ನಾನು ಮಾಡಿದ ತಪ್ಪಿನ ಬಗ್ಗೆ ಹೇಳುತ್ತೇನೆ.

ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಕೆರೆಗೇನು ಕಡಿಮೆಯಿಲ್ಲ, ಬಾತುಕೋಳಿ ಸಾಕಬಹುದು. ಆದರೆ ಹೆಚ್ಚು ಮೊಟ್ಟೆ ಇಡುವ ಖಾಕಿ ಕ್ಯಾಂಪ್‌ಬೆಲ್ ತಳಿ ಕಾವಿಗೆ ಕೂರುವುದೇ ಅಪರೂಪ. ಹಾಗಾಗಿ ಮನೆಯ ನಾಟಿ ಹ್ಯಾಟೆಯೇ ಗತಿ.

ಸೊರಬದ ಕಡೆ ಇರುವ ನಮ್ಮಕ್ಕ ಆರು ಮೊಟ್ಟೆ ಕಳಿಸಿದ್ದಳು. ಜಾಗ ಉಳೀತಲ್ಲ ಅಂತ ನಾಲ್ಕು ಕೋಳಿ ಮೊಟ್ಟೆಯನ್ನೂ ಅದೇ ದಿನ ಇಟ್ಟೆ. 21ನೇ ದಿನಕ್ಕೆ ಕೋಳಿಮರಿ ಬಂದವು. ಮಾರನೇ ದಿನ ತಾಯಿ ಮರಿ ಕರ್ಕೊಂಡು ಎದ್ದು ಹೋಯ್ತು. ಬಾತಿನ ಮೊಟ್ಟೆಗೆ 28 ದಿನ ಬೇಕು! ತಣ್ಣಗಾದ ಮೊಟ್ಟೆ ಒಡೆದರೆ ಒಳಗೆ ಕೊಕ್ಕು, ಪುಕ್ಕ ಎಲ್ಲಾ ಮೂಡಿದ್ದವು. ಆ ದಿನ ಊಟ ಸೇರಲಿಲ್ಲ.

ಅಕ್ಕ ಬೈದಳು. ಆಮೇಲೆ, "ತಮ್ಮಾ, ಕೋಳಿ ಮೊಟ್ಟೆ ಇಡಲೇಬೇಕು ಅಂದ್ರೆ ಒಂದು ವಾರ ಬಿಟ್ಟು ಇಡು" ಅಂದಳು.

ಮುಂದಿನ ಸಲ ಬರೀ ಬಾತಿನದು, ಎಂಟು ಮೊಟ್ಟೆ ಇಟ್ಟೆ. ಏಳನೇ ರಾತ್ರಿ ಬ್ಯಾಟರಿ ಬೆಳಕಿಗೆ ಹಿಡಿದು, ನರ ಕಾಣದ ಒಂದನ್ನು ತೆಗೆದೆ. ಮೊಟ್ಟೆ ದೊಡ್ಡದು, ಕೋಳಿಗೆ ಹೊರಳಿಸಲು ಕಷ್ಟ. ಅದು ಕಾಳಿಗೆ ಎದ್ದಾಗ ನಾವೇ ಹೊರಳಿಸಬೇಕು. ಕೊನೆಯ ದಿನಗಳಲ್ಲಿ ಉಗುರುಬೆಚ್ಚಗಿನ ನೀರು ಚಿಮುಕಿಸಿದೆ. ಆರು ಮರಿ ಬಂದವು.

ಮರಿಗಳನ್ನು ಕೆರೆಗೆ ಮಾತ್ರ ಬೇಗ ಬಿಡಬೇಡಿ. ಬಾತುತಾಯಿಯ ಪುಕ್ಕದ ಎಣ್ಣೆಪಸೆ ಇವಕ್ಕೆ ಸಿಕ್ಕಿರುವುದಿಲ್ಲ. ನೆನೆದು ನಡುಗಿ ಸಾಯುತ್ತವೆ.

ಈಗ ನಮ್ಮಲ್ಲಿ ಮೊಟ್ಟೆ ಇವೆ, ಗಂಡಿನ ಜೊತೆ ಇರುವ ಬಾತಿನವೇ. ಕಾವುಕೋಳಿ ಇರುವವರು ಸಭೆ ಮುಗಿದ ಮೇಲೆ ಸಿಗಿ.