ದುಡುಕಿನ ಗಳಿಗೆ



ಮಕ್ಕಳ ಅಕಾಲಮರಣದ ಮಾತು ಯಾರಿಗೂ ಹಿತವಾದುದಲ್ಲ. ಆಡಿದರೆ ನೋವು, ಆಡದಿದ್ದರೆ ಹಾನಿ. ಆದಕಾರಣ ಈ ಹೊತ್ತು ಅದನ್ನೇ ತಮ್ಮಲ್ಲಿ ಅರಿಕೆಮಾಡುತ್ತೇನೆ.

ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಅಪಘಾತಕ್ಕೂ ಆತ್ಮಹತ್ಯೆಗೂ ನಾವೆಣಿಸುವಷ್ಟು ದೂರವಿಲ್ಲ. ಕೆರೆಯ ಆಳವರಿಯದೆ ಧುಮುಕುವ ಹುಡುಗನಿಗೂ, ಬೈಗುಳ ಕೇಳಿ ಜೀವವೇ ಬೇಡವೆನ್ನುವ ಹುಡುಗಿಗೂ ಒಂದು ಸಾಮ್ಯವುಂಟು. ಆ ಪ್ರಾಯದಲ್ಲಿ ಆವೇಗವು ಮೊದಲು ಬಲಿಯುತ್ತದೆ. ಅದಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗವು ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆ. ಮಗುವಿನ ದುಃಖವು ಬಹುದಿನದ್ದಾಗಿರಬಹುದು. ಆದರೆ ಕೈಮೀರುವ ಗಳಿಗೆ ಅನೇಕವೇಳೆ ಅಲ್ಪವಾದುದು. ಅದನ್ನು ದಾಟಿಸಿದರೆ ಬಹುಮಂದಿ ಬದುಕುತ್ತಾರೆ.

ಸಿಂಹಳದ್ವೀಪವೇ ಇದಕ್ಕೆ ಸಾಕ್ಷಿ. ಅಲ್ಲಿಯ ಸರ್ಕಾರವು ಅತಿಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಲ್ಲಿದ್ದ ಆತ್ಮಹತ್ಯೆಯ ಪ್ರಮಾಣವು 2015ರ ವೇಳೆಗೆ ಸುಮಾರು ಶೇಕಡ 70ರಷ್ಟು ಇಳಿಯಿತು. ಜನರ ಕಷ್ಟಗಳೆಲ್ಲ ತೀರಿದವೆಂದಲ್ಲ. ಅಪಾಯವು ಕೈಗೆಟುಕದಾಯಿತು, ಅಷ್ಟೆ. ಕೆರೆಗೆ ಬೇಲಿ ಕಟ್ಟುವುದೂ, ಮನೆಯ ಔಷಧಿಗಳನ್ನು ಬೀಗದೊಳಗಿಡುವುದೂ ಇದೇ ವಿವೇಕದ ಕೆಲಸ.

ಬೇಲಿಯೊಂದೇ ಸಾಲದು, ಮಾತೂ ಬೇಕು. ಮಗು ಊಟ ನಿದ್ರೆಗಳನ್ನು ಬಿಟ್ಟರೆ, ಸ್ನೇಹಿತರಿಂದ ದೂರವಾದರೆ, ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದರೆ, "ನಾನಿಲ್ಲದಿದ್ದರೆ ನಿಮಗೆ ಸುಖ" ಎಂದರೆ, ಅದನ್ನು ಹಟವೆಂದು ತಳ್ಳಿಬಿಡಬಾರದು. ಪಕ್ಕದಲ್ಲಿ ಕುಳಿತು, "ಸಾಯಬೇಕೆನ್ನಿಸುತ್ತದೆಯೇನಪ್ಪ?" ಎಂದು ಮೆಲ್ಲನೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ಬಿತ್ತಿದಂತಾದೀತೆಂಬ ಭಯ ಹಲವರಿಗುಂಟು. ಆ ಭಯಕ್ಕೆ ಆಧಾರವಿಲ್ಲ. ಕೇಳುವವರೊಬ್ಬರಿದ್ದಾರೆಂದು ತಿಳಿದೊಡನೆ ಎಳೆಯ ಮನಸ್ಸಿನ ಭಾರ ಎಷ್ಟೋ ಇಳಿಯುತ್ತದೆ. ಹೌದೆಂದು ಉತ್ತರ ಬಂದರೆ ಗದರಿಸದೆ, ಉಪದೇಶಮಾಡದೆ, ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮರ್ಯಾದೆಗೂ ಕಾನೂನಿಗೂ ಅಂಜಿ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರವಾದ ಮನೋವೇದನೆಗೆ ಒಳಗಾದವರೆಂದೇ ಭಾವಿಸುತ್ತದೆ. ಅವರಿಗೆ ವಿಧಿಸುವುದು ದಂಡನೆಯನ್ನಲ್ಲ, ಆರೈಕೆಯನ್ನು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ. ಮಕ್ಕಳೂ ಕರೆಯಬಹುದು, ಹಿರಿಯರೂ ಕರೆಯಬಹುದು.

ಪರೀಕ್ಷೆಯಲ್ಲಿ ತಪ್ಪಿದ ಮಗು ಇನ್ನೊಮ್ಮೆ ಕುಳಿತೀತು. ಆ ಇನ್ನೊಮ್ಮೆಯವರೆಗೆ ಅದನ್ನು ಕೈಹಿಡಿದು ನಡೆಸುವುದು ನಮ್ಮ ಪಾಲಿನ ಕೆಲಸ. ಈ ರಾತ್ರಿ ಊಟಕ್ಕೆ ಕುಳಿತಾಗ ತಮ್ಮ ಮಕ್ಕಳ ಮುಖವನ್ನೊಮ್ಮೆ ಸಾವಧಾನವಾಗಿ ನೋಡಿರೆಂದು ಬೇಡಿ, ವಿರಮಿಸುತ್ತೇನೆ.